ಮಳೆಗಾಲದ ತರಗತಿಯಲ್ಲಿ ಕೆರೆ-ದಡ

ಮೂಡಿಗೆರೆ ಸೀಮೆಯಲ್ಲಿ ಪುನರ್ವಸು ಮಳೆ ಹಿಡಿಯಿತೆಂದರೆ ಶಾಲೆಯ ಅಂಗಳ ಮಕ್ಕಳ ಪಾಲಿಗೆ ಇಲ್ಲವಾಗುತ್ತದೆ. ಪ್ರಾರ್ಥನೆ ಜಗುಲಿಯಲ್ಲಿ, ಆಟದ ಅವಧಿ ಕೊಠಡಿಯೊಳಗೆ. ಅಂಥದೊಂದು ಮಧ್ಯಾಹ್ನ, ಬಿಸಿಯೂಟ ಮುಗಿಸಿ ಬಂದ ನಾಲ್ಕನೇ ತರಗತಿಯ ಮಕ್ಕಳಿಗೆ ನಾನು ಶೇಷ ಉಳಿಯುವ ಭಾಗಾಕಾರ ಕಲಿಸುತ್ತಿದ್ದೆ. ಅವಧಿ ಅರ್ಧ ಕಳೆಯುವಷ್ಟರಲ್ಲಿ ಬೆಂಚುಗಳು ಕಿರುಗುಟ್ಟತೊಡಗಿದವು, ಒಬ್ಬನ ರಬ್ಬರು ಮತ್ತೆ ಮತ್ತೆ ನೆಲಕ್ಕೆ ಬೀಳುತ್ತಿತ್ತು, ಕಪ್ಪುಹಲಗೆಯನ್ನೇ ನೋಡುತ್ತಿದ್ದವರ ಕಣ್ಣೂ ಬೇರೆಲ್ಲೋ ನೆಟ್ಟಿತ್ತು.

ಇದನ್ನು ತುಂಟತನವೆನ್ನಲು ನನಗೆ ಮನಸ್ಸಾಗಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಂತೆ ಮೂರನೇ ತರಗತಿಯವರೆಗೆ ಕಾರ್ಡು ಹಿಡಿದು ‘ತಟ್ಟೆ’ಯೆಂಬ ಕಲಿಕೆಯ ಗುಂಪುಗಳ ನಡುವೆ ಓಡಾಡುತ್ತ, ಹಾಡಿ ಕುಣಿಯುತ್ತ ಕಲಿತ ಮಕ್ಕಳನ್ನು ನಾಲ್ಕಕ್ಕೆ ಬಂದೊಡನೆ ನಾವು ಇಡೀ ಅವಧಿ ಅಲುಗಾಡದಂತೆ ಕೂರಿಸುತ್ತೇವೆ.

ಬೆಂಚುಗಳನ್ನು ಗೋಡೆಗೆ ಸರಿಸಿ, ಒದ್ದೆಯಿಲ್ಲದ ಕಡೆ ನೆಲದ ಮೇಲೆ ಸೀಮೆಸುಣ್ಣದ ಗೆರೆಯೆಳೆದು ಕೆರೆ-ದಡ ಆಡಿಸಿದೆ. ಮೊದಲು ಎಂದಿನಂತೆ, ಬಳಿಕ ‘ಕೆರೆ’ ಎಂದರೆ ದಡಕ್ಕೆ, ‘ದಡ’ ಎಂದರೆ ಕೆರೆಗೆ ಜಿಗಿಯಬೇಕೆಂದು ತಿರುಗಿಸಿದೆ. ಜಿಗಿಯಲು ಹೊರಟ ಕಾಲನ್ನು ತಡೆದು, ಕೇಳಿದ್ದನ್ನು ಮನಸ್ಸಿನಲ್ಲಿ ತಿರುವಿ, ಆಮೇಲೆ ಹೆಜ್ಜೆಯಿಡಬೇಕಾದ ಈ ಹಂತವೇ ನನಗೆ ಬೇಕಾಗಿದ್ದುದು, ಏಕೆಂದರೆ ಪಾಠಕ್ಕೆ ಬೇಕಾದ ಗಮನವೂ ಅದೇ ಬಗೆಯದು. ಕೊನೆಯಲ್ಲಿ ಸಂಖ್ಯೆಗಳನ್ನು ಕೂಗಿದೆ: ನಾಲ್ಕರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಕೆರೆ, ಉಳಿದರೆ ದಡ. 28ಕ್ಕೆ ಎಲ್ಲರೂ ಕೆರೆಗಿಳಿದರು. 30ಕ್ಕೆ ಅರ್ಧದಷ್ಟು ಮಂದಿ ಗೆರೆಯ ಮೇಲೆಯೇ ತಡಬಡಾಯಿಸಿದರು. ತಪ್ಪಿದವರನ್ನು ಔಟ್ ಮಾಡಲಿಲ್ಲ. ಹಾಗೆ ಮಾಡಿದರೆ ಮೊದಲು ಮೂಲೆ ಸೇರುವವರು ಜಿಗಿತದ ಅಗತ್ಯ ಹೆಚ್ಚಿರುವ ಮಕ್ಕಳೇ.

ಗದ್ದಲ ಕೇಳಿ ಬಾಗಿಲಿಗೆ ಬಂದ ಮುಖ್ಯೋಪಾಧ್ಯಾಯರು, “ಏನ್ ಟೀಚರ್, ಸಂತೆ ನೆರೆದಿದೆ?” ಎಂದರು. “ಭಾಗಾಕಾರ ಸಾರ್,” ಎಂದು ಮುಂದಿನ ಬೆಂಚಿನ ಹುಡುಗಿಯೇ ಉತ್ತರಿಸಿದಳು.

ಎಬ್ಬಿಸುವುದು ಸುಲಭ, ಮರಳಿ ಕೂರಿಸುವುದರಲ್ಲೇ ಜಾಣ್ಮೆಯಿದೆ. ಜಿಗಿತ ನಿಲ್ಲಿಸಿ, ನಿಂತಲ್ಲೇ ಕೈ ಮೇಲೆತ್ತಿ ನಿಧಾನವಾಗಿ ಉಸಿರೆಳೆದು ಬಿಟ್ಟು, ನೀರು ಕುಡಿದು ಕುಳಿತ ಮೇಲೆ ಹೊಸ ಲೆಕ್ಕವನ್ನು ಕೊಟ್ಟೆ. ರಬ್ಬರಿನ ಹುಡುಗ ತಲೆಯೆತ್ತದೆ ಲೆಕ್ಕ ಮುಗಿಸಿದ. ಬೆಳಗಿನಿಂದಲೇ ತೂಕಡಿಸುತ್ತಿದ್ದ ಹುಡುಗಿಯಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ, ಅವಳಿಗೆ ಬೇಕಾಗಿದ್ದುದು ನಿದ್ದೆ.

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಿನ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತರಗತಿಯೊಳಗಿನ ನಮ್ಮ ಐದು ನಿಮಿಷದ ಆಟ ಅದಕ್ಕೆ ಬದಲಿಯಲ್ಲ. ಆದ್ದರಿಂದ ಮಳೆ ಹೊಳವಾದ ದಿನ ಆಟದ ಅವಧಿಯನ್ನು ಗಣಿತಕ್ಕೆ ಎರವಲು ಕೊಡುವಂತೆ ಯಾರು ಕೇಳಿದರೂ ನಾನೀಗ ಒಪ್ಪುವುದಿಲ್ಲ.