ಸೆಲ್ಫಿ ಅಲ್ಲ ಮಾರಾಯ್ರೆ

19ನೇ ಶತಮಾನದ ಐರಿಷ್ ಕಲಾವಿದೆಯರ ಮಾತೆತ್ತಿದರೆ ಸಾಕು, ಬರುವುದು ಒಂದೇ ಪ್ರಶ್ನೆ: ‘ಇವರೆಲ್ಲ ತಮ್ಮ ಮುಖವನ್ನೇ ಯಾಕೆ ಬರೆದುಕೊಂಡರು? ಆಗಿನ ಕಾಲದ ಸೆಲ್ಫಿ ತಾನೇ?’ ಅಲ್ಲ. ಡಚ್ ಕಲಾವಿದ ರೆಂಬ್ರಾಂಟ್ ಹತ್ತಾರು ಸಲ ತನ್ನ ಮುಖ ಬರೆದರೆ ಆತ್ಮಶೋಧನೆ, ಹೆಲೆನ್ ಮೇಬಲ್ ಟ್ರೆವರ್ ಬರೆದರೆ ಸೆಲ್ಫಿ! ಇರಲಿ.

ಕಾರಣ ಬೇಕೆಂದರೆ, ಮಾಡೆಲ್‌ಗೆ ದುಡ್ಡು ಕೊಡಬೇಕಿತ್ತು, ಸ್ವಂತ ಮುಖ ಪುಕ್ಕಟೆ. ಟ್ರೆವರ್ ಹುಟ್ಟಿದ್ದು 1831ರಲ್ಲಿ, ಕೌಂಟಿ ಡೌನ್‌ನಲ್ಲಿ. ಲಂಡನ್‌ನ ರಾಯಲ್ ಅಕಾಡೆಮಿ ಶಾಲೆಗೆ ಸೇರುವಾಗ ವಯಸ್ಸು ನಲವತ್ತು ದಾಟಿತ್ತು. ಅಲ್ಲಿ ಹೆಂಗಸರನ್ನು ನಗ್ನ ಮಾಡೆಲ್ ತರಗತಿಗೆ ಬಿಟ್ಟುಕೊಂಡದ್ದೇ 1893ರಲ್ಲಿ, ಅದೂ ಮಾಡೆಲ್‌ನ ಸೊಂಟಕ್ಕೆ ಬಟ್ಟೆ ಸುತ್ತಿ. ಡಬ್ಲಿನ್‌ನ ರಾಯಲ್ ಹೈಬರ್ನಿಯನ್ ಅಕಾಡೆಮಿ ಶಾಲೆ ಹೆಂಗಸರಿಗೆ ಬಾಗಿಲು ತೆರೆದದ್ದೂ ಅದೇ ವರ್ಷ. ಇನ್ನು ಸಾರಾ ಸಿಸಿಲಿಯಾ ಹ್ಯಾರಿಸನ್, ಮುಂದೆ 1912ರಲ್ಲಿ ಡಬ್ಲಿನ್ ನಗರಸಭೆಗೆ ಆಯ್ಕೆಯಾದ ಮೊದಲ ಮಹಿಳೆ, ಭಾವಚಿತ್ರ ಬರೆದೇ ದುಡಿದವರು. ಅಂಥವರಿಗೆ ಸ್ವಂತ ಮುಖದ ಚಿತ್ರವೆಂದರೆ ಅಂಗಡಿಯ ಬೋರ್ಡು ಇದ್ದಂತೆ.

ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ಬಲಗೈ ಏನು ಮಾಡುತ್ತಿತ್ತು? ಮುಖ, ಭುಜ ಕನ್ನಡಿಯಲ್ಲಿ ಅಲುಗದೆ ನಿಲ್ಲುತ್ತವೆ. ಬ್ರಷ್ ಹಿಡಿದ ಕೈ ಮಾತ್ರ ಕ್ಯಾನ್ವಾಸಿಗೂ ಬಣ್ಣಕ್ಕೂ ಓಡಾಡುತ್ತಲೇ ಇರುತ್ತದೆ; ಅದನ್ನು ನೋಡಿ ಬರೆಯಲು ಸಾಧ್ಯವೇ ಇಲ್ಲ. ಹಾಗಾಗಿ ಎಷ್ಟೋ ಸ್ವಚಿತ್ರಗಳಲ್ಲಿ ಆ ಕೈ ಚೌಕಟ್ಟಿನ ಆಚೆಗೇ ಉಳಿದಿದೆ. ಇನ್ನೊಂದು ಉಪಾಯವೂ ಉಂಟು. ಸುಮ್ಮನಿರುವ ಎಡಗೈಗೆ ಬ್ರಷ್ ಕೊಟ್ಟು ಎತ್ತಿ ಹಿಡಿಯುವುದು. ಕನ್ನಡಿ ಅದನ್ನು ಬಲಗೈ ಮಾಡಿಕೊಡುತ್ತದೆ, ನಿಜವಾದ ಬಲಗೈ ಬರೆಯುತ್ತದೆ. ಆದರೆ ಪ್ಯಾಲೆಟ್, ಅಂದರೆ ಬಣ್ಣ ಕಲಸುವ ಹಲಗೆ, ಹಿಡಿಯಲು ಆಗ ಕೈಯೇ ಉಳಿಯುವುದಿಲ್ಲ, ಅದನ್ನು ಬೇರೆಯಾಗಿ ನೋಡಿ ಸೇರಿಸಬೇಕು.

ಅಳತೆಯಲ್ಲೂ ಜನ ಎಡವುತ್ತಾರೆ. ಕನ್ನಡಿಯ ಗಾಜಿನ ಮೇಲೆ ನಿಮ್ಮ ಮುಖದ ಅಂಚು ಗುರುತು ಮಾಡಿ ನೋಡಿ: ನಿಜದ ಅರ್ಧದಷ್ಟೇ, ಎಷ್ಟು ದೂರ ಸರಿದರೂ ಅಷ್ಟೇ. 22 ಸೆಂಟಿಮೀಟರ್ ಮುಖ, ಗಾಜಿನ ಮೇಲೆ 11. ಆ ಅಳತೆಯನ್ನೇ ನಂಬಿ ಮುಖ ಬರೆದು, ಭುಜವನ್ನು ಅಂದಾಜಿನಲ್ಲಿ ನಿಜದಳತೆಗೆ ಹಾಕಿದರೆ ತಲೆ ನಿಂಬೆಹಣ್ಣಾಗುತ್ತದೆ. ಕನ್ನಡಿ ಒಂದು ಮೀಟರ್ ದೂರವಿದ್ದರೆ ಬಿಂಬ ಎರಡು ಮೀಟರ್ ದೂರ. ಅರವತ್ತು ದಾಟಿದ ಕಣ್ಣಿಗೆ ಆ ಬಿಂಬ ಸ್ಪಷ್ಟ, ಕೈಯಳತೆಯ ಕ್ಯಾನ್ವಾಸ್ ಮಸುಕು. ಕಿಟಕಿ ಉತ್ತರದ್ದಾಗಿರಬೇಕು, ಬಲಗೈಯವರಿಗೆ ಎಡದಿಂದ ಬೆಳಕು ಬರಬೇಕು. ಇಲ್ಲದಿದ್ದರೆ ಕೈಯ ನೆರಳು ಬರೆಯುವ ಜಾಗದ ಮೇಲೇ ಬೀಳುತ್ತದೆ.

ಟ್ರೆವರ್ ಮುಪ್ಪಿನಲ್ಲಿ ಬರೆದುಕೊಂಡ, ಪ್ಯಾಲೆಟ್, ಬ್ರಷ್ ಹಿಡಿದ ಚಿತ್ರ ಡಬ್ಲಿನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1900ರಲ್ಲಿ ತೀರಿಕೊಂಡಾಗ ಅವರೇ ಗ್ಯಾಲರಿಗೆ ಬಿಟ್ಟುಹೋದದ್ದು. ಇಂಥ ಯಾವ ಚಿತ್ರದ ಮುಂದೆ ನಿಂತರೂ ಮೊದಲು ಪ್ಯಾಲೆಟ್ ಎಲ್ಲಿದೆ ನೋಡಿ. ಬರೆದವರು ಬಲಗೈಯವರಾಗಿದ್ದು, ಪ್ಯಾಲೆಟ್ ನಿಮ್ಮ ಎಡಕ್ಕಿದ್ದರೆ ಕನ್ನಡಿಯಲ್ಲಿ ಕಂಡದ್ದನ್ನೇ ಇಳಿಸಿದ್ದಾರೆ. ಬಲಕ್ಕಿದ್ದರೆ ಎಡಗೈಗೆ ಬ್ರಷ್ ಕೊಡುವ ಆ ಉಪಾಯ ಹೂಡಿದ್ದಾರೆ, ಇಲ್ಲವೇ ಕೂತು ಎಲ್ಲವನ್ನೂ ತಿರುಗಿಸಿದ್ದಾರೆ.