ಬಿದ್ದು ಮಾಡಿದ ಡಿಸ್ಕೋ

ಹಾಸನದಲ್ಲಿ ನಮ್ಮ ಚಿಕ್ಕಮ್ಮನ ಮನೇಲಿ 'ಕುರ್ಬಾನಿ' ಅನ್ನೋ ಹಿಂದಿ ಸಿನಿಮಾದ ಕ್ಯಾಸೆಟ್ ಇತ್ತು. ಬೇಸಿಗೆ ರಜಕ್ಕೆ ಹೋದಾಗೆಲ್ಲ ಮಧ್ಯಾಹ್ನ ಊಟ ಆದ್ಮೇಲೆ ಅದೇ ಓಡ್ತಿತ್ತು. 'ಆಪ್ ಜೈಸಾ ಕೋಯಿ' ಶುರುವಾದ್ರೆ ಸಾಕು, ಪಾತ್ರೆ ತೊಳೀತಿದ್ದ ಚಿಕ್ಕಮ್ಮ ಒದ್ದೆ ಕೈಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತ್ಕೊಳ್ಳೋರು. ಡ್ಯಾನ್ಸು ಗೀನ್ಸು ಏನಿಲ್ಲ, ಆ ಮನೇಲಿ ಹೆಣ್ಮಕ್ಕಳು ಕುಣಿಯೋದು ಅಂದ್ರೆ ಮುಗೀತು ಕಥೆ, ಆದ್ರೆ ಸೀರೆ ಅಂಚಿನ ಕೆಳಗೆ ಕಾಲ್ಬೆರಳು ಮಾತ್ರ ಸುಮ್ನಿರ್ತಿರ್ಲಿಲ್ಲ. ರೆಡ್ ಆಕ್ಸೈಡ್ ನೆಲದ ಮೇಲೆ ಕಾಲುಂಗುರ ಟಕ್ ಟಕ್ ಟಕ್ ಟಕ್, ಒಂದು ಬೀಟೂ ಬಿಡದಂಗೆ.

ಎಷ್ಟೋ ವರ್ಷ ಆದ್ಮೇಲೆ ಡ್ರಮ್ಸ್ ಬಾರಿಸೋ ಫ್ರೆಂಡ್ ಒಬ್ಬ ಡಿಸ್ಕೋ ಅಂದ್ರೆ ಏನು ಅಂತ ವಿವರಿಸ್ದಾಗ ನಂಗೆ ನೆನಪಾಗಿದ್ದು ಆ ಕಾಲುಂಗುರಾನೇ. ನಾಲ್ಕು ಬೀಟಿದ್ರೆ ನಾಲ್ಕಕ್ಕೂ ದೊಡ್ಡ ಡ್ರಮ್ಮಿಗೆ ಸಮನಾಗಿ ಒದೀಬೇಕು, ಎರಡು ಒದೆ ಮಧ್ಯೆ 'ತ್ಸ್' ಅಂತ ಹೈಹ್ಯಾಟ್ (ಡ್ರಮ್ಸ್ ಪಕ್ಕ ಒಂದರ ಮೇಲೊಂದು ಇರೋ ಜೋಡಿ ಕಂಚಿನ ತಟ್ಟೆ) ತೆರ್ಕೋಬೇಕು, ಮೇಲೆ ಪಿಟೀಲುಗಳು ತೇಲ್ಬೇಕು, ಬೇಸ್ ಗಿಟಾರ್ ಮಾತ್ರ ತುಂಟ ಹುಡುಗನ ತರ ಅಲ್ಲಿಲ್ಲಿ ನೆಗೀತಿರ್ಬೇಕು. ಬೀಟ್ ಹುಡುಕೋ ತಾಪತ್ರಯಾನೇ ಇಲ್ಲ, ತಾಳ ಗೊತ್ತಿಲ್ದೋರ ಕಾಲೂ ತಾನೇ ಆಡತ್ತೆ.

ಕ್ಯಾಸೆಟ್ ಕವರ್ ಮೇಲೆ ಕಲ್ಯಾಣ್‌ಜಿ ಆನಂದ್‌ಜಿ ಹೆಸರಿನ ಜೊತೆ ಇನ್ನೊಂದು ಹೆಸರಿತ್ತು, ಬಿದ್ದು. ಚಿಕ್ಕಪ್ಪ ಅದನ್ನ ಓದಿದಾಗೆಲ್ಲ ಅದೇ ಜೋಕು, "ಯಾವನೋ ಬಿದ್ದು ಮ್ಯೂಸಿಕ್ ಮಾಡಿದಾನೆ ಕಣೋ, ಎದ್ದು ಮಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು." ನಾವೂ ಪ್ರತಿ ಸಲ ಬಿದ್ದು ಬಿದ್ದು ನಗ್ತಿದ್ವಿ. ಇವ್ನು ಯಾರೋ ಬಾಂಬೆಯವನೋ ಬಂಗಾಳಿಯೋ ಇರ್ಬೇಕು ಅಂತ್ಲೇ ನಾನು ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಬಿದ್ದು ಅಪ್ಪಯ್ಯ, ಕೊಡವರು, 1945ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು! ರೇಡಿಯೋ ಸಿಲೋನ್ ಕೇಳ್ಕೊಂಡು ಬೆಳೆದು, ಬೆಂಗಳೂರಲ್ಲಿ ಟ್ರೋಜನ್ಸ್ ಅಂತ ಬ್ಯಾಂಡ್ ಕಟ್ಕೊಂಡು ಹಾಡಿ, ಕಲ್ಕತ್ತಾ, ಬಾಂಬೆ ಎಲ್ಲಾ ಸುತ್ತಿ, 60ರ ದಶಕದಲ್ಲಿ ಲಂಡನ್ ಸೇರ್ಕೊಂಡ್ರು.

ಅಲ್ಲಿ ಅವ್ರು ಮಾಡಿದ್ದು ಸಣ್ಣ ಕೆಲ್ಸ ಅಲ್ಲ. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಹತ್ರ ಒಂದು ಹಾಡು ಹಾಡಿಸೋಕೆ ಸ್ಟುಡಿಯೋ ಬುಕ್ ಮಾಡಿದ್ರಂತೆ. ರೆಕಾರ್ಡ್ ಅಂದ್ಮೇಲೆ ಹಿಂದಿನ ಮಗ್ಗುಲಿಗೂ ಏನಾದ್ರೂ ತುಂಬ್ಬೇಕಲ್ಲ, ಟೈಮು ಪೂರ್ತಿ ಮುಂದಿನ ಹಾಡಿಗೇ ಹೋಗಿ ಕೊನೆಗೆ ಉಳಿದಿದ್ದು ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲಿ 'ಹೂ! ಹಾ!' ಅಂತೆಲ್ಲ ಕೂಗಿಸಿ ತಮಾಷೆಗೆ ಅಂತ ಮುಗಿಸಿದ್ದೇ 'ಕುಂಗ್ ಫೂ ಫೈಟಿಂಗ್'. ರೆಕಾರ್ಡ್ ಕಂಪನಿಯವ್ರು ಎರಡೂ ಕೇಳಿ, ಹಿಂದಿಂದನ್ನೇ ಮುಂದಕ್ಕೆ ಹಾಕಿ ಅಂದ್ರು. ಬ್ರೂಸ್ ಲೀ ಹುಚ್ಚು ಹತ್ತಿದ್ದ ಕಾಲ ಬೇರೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ನಂಬರ್ ಒನ್, ಡಿಸೆಂಬರ್‌ನಲ್ಲಿ ಅಮೆರಿಕದಲ್ಲೂ ನಂಬರ್ ಒನ್. ಮುಂದಿನ ಮಗ್ಗುಲಿನ ಹಾಡು ಇವತ್ತು ಯಾರಿಗೂ ನೆನಪಿಲ್ಲ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಕೂಡ ಇವ್ರದ್ದೇ ಪ್ರೊಡಕ್ಷನ್ನು, ಅದೂ ಬ್ರಿಟನ್‌ನಲ್ಲಿ ನಂಬರ್ ಒನ್. ನನ್ನ ಕೇಳಿದ್ರೆ ಕುಂಗ್ ಫೂಗಿಂತ ಇದೇ ಒಳ್ಳೆ ಡಿಸ್ಕೋ, ಅದ್ರಲ್ಲಿ ಕೂಗಾಟ ಜಾಸ್ತಿ, ಇದ್ರಲ್ಲಿ ಕುಣಿತ ಜಾಸ್ತಿ.

ಇನ್ನು ಅಮೆರಿಕದ ಕಥೆ ಬೇರೆ. 1979ರ ಜುಲೈ 12ಕ್ಕೆ ಶಿಕಾಗೋದ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಡಿಸ್ಕೋ ಕಂಡ್ರಾಗದ ರೇಡಿಯೋ ಜಾಕಿ ಒಬ್ಬ ಜನರ ಹತ್ರ ಡಿಸ್ಕೋ ರೆಕಾರ್ಡ್ ತರ್ಸಿ ಗುಡ್ಡೆ ಹಾಕಿ ಬಾಂಬ್ ಇಟ್ಟು ಉಡಾಯ್ಸಿದ, ಜನ ಮೈದಾನಕ್ಕೆ ನುಗ್ಗಿ ಅವತ್ತು ಆಗ್ಬೇಕಿದ್ದ ಎರಡನೇ ಮ್ಯಾಚೇ ಆಗ್ಲಿಲ್ಲ. ಡಿಸ್ಕೋ ಕ್ಲಬ್ಬುಗಳನ್ನ ಕಟ್ಟಿ ಬೆಳೆಸ್ದೋರು ಕರಿಯರು, ಲ್ಯಾಟಿನೋಗಳು, ಸಲಿಂಗಿಗಳು, ಆ ಸಿಟ್ಟು ಬರೀ ಹಾಡಿನ ಮೇಲಿರ್ಲಿಲ್ಲ ಅಂತ ಆಮೇಲೆ ತುಂಬಾ ಜನ ಬರೆದ್ರು, ನಂಗೂ ಹಂಗೇ ಅನ್ಸತ್ತೆ.

ಅಲ್ಲಿ ತಿಥಿ ಮಾಡಿದ ಮರುವರ್ಷಾನೇ ನಮ್ಮಲ್ಲಿ ನಾಮಕರಣ! 1980ರಲ್ಲಿ 'ಕುರ್ಬಾನಿ' ಸಿನಿಮಾ ಮಾಡಿದ ಫಿರೋಜ್ ಖಾನ್ ಕೇಳಿದ್ರು ಅಂತ ಬಿದ್ದು 'ಆಪ್ ಜೈಸಾ ಕೋಯಿ' ಮಾಡಿಕೊಟ್ರು, ಹಾಡಿದ್ದು ಲಂಡನ್‌ನಲ್ಲಿ ಬೆಳೀತಿದ್ದ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್, ಆಗಿನ್ನೂ ಸ್ಕೂಲಿಗೆ ಹೋಗೋ ವಯಸ್ಸು. ಆ ಧ್ವನಿ ಕೇಳಿ ನೋಡಿ, ಗಮಕ ಇಲ್ಲ, ಆಲಾಪ ಇಲ್ಲ, ಮೂಗಲ್ಲಿ ಸ್ವಲ್ಪ ಗೊಣಗಿದಂಗೆ, ಆದ್ರೂ ಬಿಡಲ್ಲ. ಮುಂದಿನ ವರ್ಷ 'ಡಿಸ್ಕೋ ದೀವಾನೆ', ಅದಾದ್ಮೇಲೆ ಮಿಥುನ್, ಬಪ್ಪಿ ಲಹಿರಿ, ಅದೆಲ್ಲ ನಿಮ್ಗೆ ಗೊತ್ತಿರೋದೇ. ಕನ್ನಡಕ್ಕೂ 1981ರಲ್ಲೇ ಶಂಕರ್‌ನಾಗ್ 'ಗೀತಾ' ಸಿನಿಮಾದಲ್ಲಿ ಇಳಯರಾಜ ಅವ್ರ 'ಸಂತೋಷಕ್ಕೆ' ಬಂತು. ಗಣೇಶನ ಪೆಂಡಾಲ್ ಆರ್ಕೆಸ್ಟ್ರಾದವ್ರು ಇವತ್ತಿಗೂ ಆ ಹಾಡು ಹಾಡ್ದೆ ಮೈಕ್ ಕೆಳಗಿಡಂಗಿಲ್ಲ, ಇಟ್ರೆ ಕುರ್ಚಿ ಹಾರತ್ತೆ.

ಮೊನ್ನೆ ಇದನ್ನೆಲ್ಲ ಹೇಳೋಣ ಅಂತ ಹಾಸನಕ್ಕೆ ಫೋನ್ ಮಾಡಿದೆ. ಚಿಕ್ಕಪ್ಪ ಎತ್ಕೊಂಡ್ರು. "ಕೊಡಗಿನವ್ರಾ! ಛೆ, ಇಷ್ಟು ವರ್ಷ ನಮ್ಮೋರನ್ನೇ ಆಡ್ಕೊಂಡಿದ್ನಲ್ಲೋ" ಅಂದ್ರು. ಆಮೇಲೆ ಚಿಕ್ಕಮ್ಮ ಫೋನ್ ಇಸ್ಕೊಂಡು ಪೂರ್ತಿ ಕೇಳಿಸ್ಕೊಂಡ್ರು, ಹೂಂ ಹೂಂ ಅಂದ್ರು, ಸ್ವಲ್ಪ ಹೊತ್ತು ಸುಮ್ನಿದ್ದು, "ಅದೆಲ್ಲ ಇರ್ಲಿ, ಎರಡನೇ ಚರಣ ಬಂದಾಗ ಟೇಪ್ ಎಳ್ದಂಗೆ ಆಗ್ತಿತ್ತಲ್ಲ, ಪ್ಲೇ ಮತ್ತೆ ರಿವೈಂಡ್ ಎರಡೂ ಒಟ್ಟಿಗೆ ಒತ್ತಿ ಹಾಳು ಮಾಡಿದ್ದು ನೀನೇ ತಾನೇ?" ಅಂತ ಕೇಳಿದ್ರು.

ನಾನೇ.