ಬಲಗಾಲು ಇನ್ನೂ ಬ್ರೇಕ್ ಒತ್ತುತ್ತಲೇ ಇತ್ತು

2025 ಮಾರ್ಚ್ 12, ಬುಧವಾರ, ರಾತ್ರಿ 10 ಗಂಟೆ

ಇವತ್ತು ಮೈ ಮೂಲಕ ಮಾಡುವ ಥೆರಪಿಯ ಏಳನೇ ಸೆಷನ್. ಮನೆಗೆ ಬಂದವಳೇ ಒಂದು ಗಂಟೆ ಸುಮ್ನೆ ಮಲಗಿದ್ದೆ. ನಿದ್ದೆ ಬರಲಿಲ್ಲ. ಬಲಗಾಲಿನ ಮೀನಖಂಡದೊಳಗೆ ಏನೋ ಬೆಚ್ಚಗೆ ಹರಿದಾಡುತ್ತಿತ್ತು, ಅದನ್ನೇ ಗಮನಿಸುತ್ತಾ ಬಿದ್ದುಕೊಂಡಿದ್ದೆ. ಅದು ಪೂರ್ತಿ ಆರುವ ಮೊದಲು ಬರೆದಿಡೋಣ ಅಂತ ಎದ್ದು ಕೂತಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. 14 ತಿಂಗಳ ಹಿಂದೆ ನಾನು ಓಡಿಸುತ್ತಿದ್ದ ಕಾರಿಗೆ ಅಡ್ಡರಸ್ತೆಯಿಂದ ನುಗ್ಗಿದ ಗಾಡಿಯೊಂದು ಗುದ್ದಿತು. ಪಕ್ಕದ ಸೀಟಿನಲ್ಲಿ ಅಕ್ಕ ಇದ್ದಳು. ಇಬ್ಬರಿಗೂ ಸಣ್ಣಪುಟ್ಟ ಗಾಯ ಅಷ್ಟೇ. ಎಲ್ಲರೂ ಬದುಕಿದಿರಲ್ಲ, ಸದ್ಯ ಅಂದರು. ನಾನೂ ಹಾಗೇ ಅಂದುಕೊಂಡು ಎರಡು ತಿಂಗಳು ಓಡಾಡಿದೆ. ಆಮೇಲೆ ಶುರುವಾಯಿತು. ಬಾಗಿಲು ಧಡ್ ಅಂದರೆ ಜೀವ ಬಾಯಿಗೆ ಬರುವುದು. ರಾತ್ರಿ ಮೂರಕ್ಕೆ ಎದೆ ಡವಡವ ಅಂತ ಎಚ್ಚರವಾಗುವುದು. ಮತ್ತೆ ಈ ಬಲಗಾಲು. ಯಾರ ಕಾರಿನಲ್ಲಿ ಎಲ್ಲಿ ಕೂತರೂ ಅದು ನೆಲವನ್ನು ಒತ್ತುತ್ತಿತ್ತು. ಕಾರಷ್ಟೇ ಅಲ್ಲ, ಆಫೀಸ್ ಮೀಟಿಂಗಿನಲ್ಲಿ, ಟಿವಿ ಮುಂದೆ, ಕೊನೆಕೊನೆಗೆ ಹಾಸಿಗೆಯಲ್ಲೂ. ಬೆಳಿಗ್ಗೆ ಎದ್ದರೆ ಮೀನಖಂಡ ಕಲ್ಲಿನ ಹಾಗೆ.

ಡಾಕ್ಟರ್ ಮೊದಲು ಹೃದಯ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದರು. ಅದು ಒಳ್ಳೆಯದೇ ಆಯಿತು. ಎದೆ ಹೊಡೆದುಕೊಳ್ಳುವುದೆಲ್ಲ ಮನಸ್ಸಿನದೇ ಅಂತ ನಾವೇ ತೀರ್ಮಾನ ಮಾಡಿಕೊಳ್ಳಬಾರದು. ಎಲ್ಲ ಸರಿ ಇದೆ ಅಂತ ಗೊತ್ತಾದ ಮೇಲೆ ಇದು ಆಘಾತದ ನಂತರದ ಒತ್ತಡ, ಅಂದರೆ ಪಿಟಿಎಸ್‌ಡಿ, ಅಂದರು. ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಅದಕ್ಕೂ ಮೊದಲು ಇಂಥವರಿಗೆ ಏನು ಹೇಳಿ ಕಳಿಸುತ್ತಿದ್ದರೋ ಅಂತ ಯೋಚಿಸಿದರೆ ಸಂಕಟ ಆಗುತ್ತದೆ.

ಈಗ ಇವತ್ತಿನ ವಿಷಯ.

ನಾನು ಆಫೀಸಿನ ಯಾವುದೋ ಕಿರಿಕಿರಿ ಹೇಳುತ್ತಿದ್ದೆ. ಅಪಘಾತದ ಮಾತೇ ಬಂದಿರಲಿಲ್ಲ. ಥೆರಪಿಸ್ಟ್ ಮೆಲ್ಲಗೆ ನಡುವೆ ತಡೆದರು. "ಮಾತು ಅಲ್ಲೇ ಇರಲಿ. ನಿಮ್ಮ ಬಲಗಾಲು ಏನು ಮಾಡ್ತಿದೆ, ಒಮ್ಮೆ ನೋಡ್ತೀರಾ?"

ನೋಡಿದೆ. ಐದೂ ಬೆರಳು ಮಡಚಿಕೊಂಡು ನೆಲವನ್ನು ಕಚ್ಚಿ ಹಿಡಿದಿದ್ದವು. ಉಗುರಿನ ಸುತ್ತ ಬಿಳಿಚಿಕೊಂಡಿತ್ತು. ನಾಚಿಕೆಯಾಗಿ ಕಾಲು ಹಿಂದಕ್ಕೆ ಎಳೆದುಕೊಳ್ಳಲು ಹೋದೆ.

"ಬೇಡ, ಎಳ್ಕೋಬೇಡಿ. ಒತ್ತಬೇಕು ಅಂತಿದೆ ಅಲ್ವಾ, ಒತ್ತಲಿ. ಆದ್ರೆ ತುಂಬಾ ನಿಧಾನ."

ಕುರ್ಚಿಯನ್ನು ಗೋಡೆ ಹತ್ತಿರ ಸರಿಸಿದರು. ಗೋಡೆಗೂ ನನ್ನ ಅಂಗಾಲಿಗೂ ನಡುವೆ ದಪ್ಪ ದಿಂಬೊಂದನ್ನು ಇಟ್ಟರು. ನಾನು ಒತ್ತತೊಡಗಿದೆ. ಮೊದಲು ಬೆರಳ ಬುಡ, ಆಮೇಲೆ ಹಿಮ್ಮಡಿ. ಅರ್ಧ ನಿಮಿಷ ಆದ ಮೇಲೆ ಮೀನಖಂಡ, ತೊಡೆ, ಸೊಂಟ, ಒಂದೊಂದೇ ಬಂದು ಸೇರಿಕೊಂಡವು. ಬೆನ್ನು ಕುರ್ಚಿಗೆ ಒತ್ತಿಕೊಂಡಿತು. ಕಾಲು ಪೂರ್ತಿ ಚಾಚುವವರೆಗೂ ಹೋದೆ. ಅಷ್ಟರಲ್ಲಿ ಮಂಡಿ ನಡುಗಲು ಶುರುವಾಯಿತು. ಚಳಿಗೆ ನಡುಗಿದ ಹಾಗಲ್ಲ. ಒಳಗಿನಿಂದ, ಸಣ್ಣಗೆ, ತಂತಿ ಮೀಟಿದ ಹಾಗೆ. ನಿಲ್ಲಿಸೋಣ ಅಂದರೆ ನನ್ನ ಮಾತು ಕೇಳಲಿಲ್ಲ.

"ಸಾಕಾ, ಇನ್ನೂ ಸ್ವಲ್ಪ ಇರಬಹುದಾ?" ಅಂತ ಕೇಳಿದರು. ಇರಲಿ ಅಂದೆ. ಇನ್ನೊಂದಿಷ್ಟು ನಡುಗಿತು. ಆಮೇಲೆ ಅವರು ಕಿಟಕಿ ಕಡೆ ನೋಡಿ ಅಂದರು. ಹೊರಗೆ ಗೋಡೆಯ ಮೇಲೆ ಬಿಸಿಲಿನ ಒಂದು ಪಟ್ಟಿ ಬಿದ್ದಿತ್ತು. ಅದನ್ನು ನೋಡುತ್ತಿದ್ದ ಹಾಗೆ ದೊಡ್ಡದೊಂದು ಆಕಳಿಕೆ ಬಂತು, ಅದರ ಹಿಂದೆಯೇ ಕಣ್ಣೀರು. ದುಃಖ ಇರಲಿಲ್ಲ. ಕಾಲು ದಿಂಬಿನಿಂದ ತಾನಾಗಿ ಜಾರಿ ನೆಲಕ್ಕೆ ಬಂತು. ಅದಕ್ಕೆ ತೂಕ ಇದೆ ಅಂತ ಗೊತ್ತಾಯಿತು. ಎಷ್ಟೋ ತಿಂಗಳಲ್ಲಿ ಮೊದಲ ಸಲ ಅದು ನೆಲದ ಮೇಲೆ ಸುಮ್ನೆ ಇತ್ತು.

ಅವತ್ತು ನಾನು ಬ್ರೇಕ್ ಒತ್ತಲು ಹೋಗಿದ್ದೆ. ಅರ್ಧ ಒತ್ತಿರಬೇಕು, ಅಷ್ಟರಲ್ಲೇ ಗುದ್ದಿಯಾಗಿತ್ತು. ಗಾಡಿ ನಿಲ್ಲಿಸುವ ಆ ಕೆಲಸ ಕಾಲಿನ ಪಾಲಿಗೆ ಮುಗಿದೇ ಇರಲಿಲ್ಲ.

ಮೈ ಮೂಲಕ ಮಾಡುವ ಈ ಥೆರಪಿಯಲ್ಲಿ ಹಲವು ದಾರಿಗಳಿವೆ. ನನ್ನ ಥೆರಪಿಸ್ಟ್ ಕಲಿತಿರುವುದು ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್. ಅಮೆರಿಕದ ಪೀಟರ್ ಲೆವಿನ್ ರೂಪಿಸಿದ್ದು. ಅವರು ಹೇಳುವುದು ಇಷ್ಟು: ಅಪಾಯ ಎದುರಾದಾಗ ಓಡಲೋ ಹೊಡೆದಾಡಲೋ ಮೈ ಸಜ್ಜಾಗುತ್ತದೆ. ಆ ಕೆಲಸ ಅರ್ಧಕ್ಕೇ ನಿಂತರೆ ಸಜ್ಜಾದದ್ದು ಇಳಿಯದೆ ಹಾಗೇ ಉಳಿದುಬಿಡುತ್ತದೆ. ಓಡು ಇಲ್ಲವೇ ಹೊಡೆದಾಡು ಅನ್ನುವ ಈ ಸ್ಥಿತಿಯನ್ನು ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞ 1915ರಲ್ಲೇ ವಿವರಿಸಿದ್ದರು. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ರಕ್ತ ಕೈಕಾಲಿನ ಸ್ನಾಯುಗಳಿಗೆ ನುಗ್ಗುತ್ತದೆ, ಹೊಟ್ಟೆಯ ಕೆಲಸ ನಿಲ್ಲುತ್ತದೆ. ನನ್ನ ರಾತ್ರಿ ಮೂರು ಗಂಟೆಯನ್ನು ಯಾರೋ ನೋಡಿ ಬರೆದ ಹಾಗಿದೆ.

ಮೂರನೆಯದೊಂದು ಇದೆ, ಮರಗಟ್ಟುವುದು. ಗುದ್ದಿದ ಮೇಲೆ ನಾನು ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದೆ. ಅಕ್ಕ ನನ್ನ ಹೆಸರು ಕೂಗುತ್ತಿದ್ದಳು, ಕೇಳಿಸುತ್ತಿತ್ತು, ತಿರುಗಲು ಆಗಲಿಲ್ಲ. ಯಾರೋ ಹೊರಗಿನವರು ಬಾಗಿಲು ತೆಗೆದು ಅವಳನ್ನು ಇಳಿಸಿದರು. ಇದೊಂದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎಂಥ ತಂಗಿ ನಾನು ಅಂತ ಒಳಗೇ ಕೊರಗಿದ್ದೆ. ಮೂರನೇ ಸೆಷನ್‌ನಲ್ಲಿ ಹೇಳಿಬಿಟ್ಟೆ. ಅವರು ಸಮಾಧಾನದ ಮಾತು ಆಡಲಿಲ್ಲ. "ಅದು ನೀವು ತಗೊಂಡ ತೀರ್ಮಾನ ಅಲ್ಲ. ಯೋಚನೆ ಮಾಡೋಕೆ ಮುಂಚೆನೇ ಮೈ ಮಾಡಿಬಿಡೋ ಕೆಲಸ ಅದು. ಕಣ್ಣಿಗೆ ಧೂಳು ಬಂದ್ರೆ ರೆಪ್ಪೆ ಮುಚ್ಚೋ ಹಾಗೆ" ಅಂದರು. ಅವತ್ತು ರಾತ್ರಿ ಆರು ಗಂಟೆ ಒಂದೇ ಸಮ ನಿದ್ದೆ ಮಾಡಿದ್ದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಧಾನ. ಅವರು ಇದಕ್ಕೆ ಟೈಟ್ರೇಷನ್ ಅನ್ನುತ್ತಾರೆ. ರಸಾಯನಶಾಸ್ತ್ರದ ಮಾತು. ಕಾಲೇಜಿನ ಲ್ಯಾಬ್ ನೆನಪಾಯಿತು. ಬ್ಯೂರೆಟ್‌ನಿಂದ ಹನಿ ಹನಿಯಾಗಿ ಬಿಡುವುದು, ಪ್ರತಿ ಹನಿಗೂ ಫ್ಲಾಸ್ಕ್ ಅಲ್ಲಾಡಿಸುವುದು, ತೆಳು ಗುಲಾಬಿ ಬಣ್ಣ ಬಂದು ನಿಂತಿತು ಅಂದಕೂಡಲೇ ನಲ್ಲಿ ತಿರುಗಿಸುವುದು. ಒಂದು ಹನಿ ಜಾಸ್ತಿ ಬಿದ್ದರೂ ಕಡುಗುಲಾಬಿ, ಮತ್ತೆ ಮೊದಲಿನಿಂದ. ನೆನಪೂ ಹಾಗೆಯೇ. ಅಪಘಾತದ ಪೂರ್ತಿ ಕಥೆಯನ್ನು ನಾನು ಇವರ ಹತ್ತಿರ ಇನ್ನೂ ಒಮ್ಮೆಯೂ ಹೇಳಿಲ್ಲ. ಒಂದು ಹನಿ ಮುಟ್ಟುತ್ತೇವೆ, ಮೈಯಲ್ಲಿ ಎಲ್ಲಿ ಬಿಗಿಯಾಯಿತು ನೋಡುತ್ತೇವೆ, ಕಿಟಕಿಯ ಬಿಸಿಲಿಗೋ, ಬೆನ್ನಿಗೆ ಆನಿಕೊಂಡ ಕುರ್ಚಿಗೋ ವಾಪಸ್ ಬರುತ್ತೇವೆ. ಮತ್ತೆ ಹೋಗುತ್ತೇವೆ, ಮತ್ತೆ ಬರುತ್ತೇವೆ.

ಇದರ ಬೆಲೆ ನನಗೆ ಯಾಕೆ ಗೊತ್ತು ಅಂದರೆ, ಕಳೆದ ವರ್ಷ ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದೊಂದನ್ನು ಮಾಡಿಬಂದಿದ್ದೆ. ಎರಡು ದಿನದ ಒಂದು ಶಿಬಿರ. ಕಣ್ಣು ಮುಚ್ಚಿಸಿ, ಜೋರು ಉಸಿರಾಟ ಮಾಡಿಸಿ, ಒಳಗಿರುವುದೆಲ್ಲ ಹೊರಗೆ ಬರಲಿ ಅಂತ ಕೂಗಿಸಿದರು. ಬಂತು, ಎಲ್ಲವೂ ಒಟ್ಟಿಗೆ. ಬೆರಳು ಜೋಮು ಹಿಡಿದವು, ನನ್ನ ಕೈ ನನ್ನದಲ್ಲ ಅನ್ನಿಸಿತು. ಆಮೇಲೆ ಮೂರು ದಿನ ಗಾಜಿನ ಆಚೆ ನಿಂತು ಮನೆಯವರನ್ನು ನೋಡಿದ ಹಾಗಿತ್ತು. ನಡೆಸಿದವರನ್ನು ಕೇಳಿದರೆ ಅದು ಒಳ್ಳೆಯ ಲಕ್ಷಣ ಅಂದರು. ಖಂಡಿತ ಅಲ್ಲ. ನನಗೆ ಈಗಲೂ ಸಿಟ್ಟಿದೆ. ಆಘಾತ ಆದವರಿಗೆ ಕಣ್ಣು ಮುಚ್ಚುವುದೇ ಭಯವಾಗಬಹುದು, ಉಸಿರಿನ ಮೇಲೆ ಗಮನ ಇಡುವುದೇ ಕಷ್ಟವಾಗಬಹುದು. ಅಂಥವರನ್ನು ಪಾದದಿಂದ ಶುರು ಮಾಡಿಸಬೇಕು, ಕಣ್ಣು ತೆರೆದೇ. ಕೇಳದೆ ಮೈ ಮುಟ್ಟುವವರು, ಸಾಕು ಅಂದಾಗ ನಿಲ್ಲಿಸದವರು, ಒಂದೇ ಸಲಕ್ಕೆ ಗುಣ ಮಾಡುತ್ತೇವೆ ಅನ್ನುವವರು ಸಿಕ್ಕರೆ ದಯವಿಟ್ಟು ಎದ್ದು ಬನ್ನಿ.

ಇದು ನಿಜವಾಗಿ ಕೆಲಸ ಮಾಡುತ್ತದಾ ಅಂತ ತಮ್ಮನ ಹಾಗಿರುವ ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಹೇಳಿದವುಗಳಲ್ಲಿ ಎರಡು: ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆ), ಮತ್ತು ಕಣ್ಣಿನ ಚಲನೆ ಬಳಸುವ ಇಎಂಡಿಆರ್. ಅವುಗಳಿಗೆ ಇರುವಷ್ಟು ಪುರಾವೆ ನಾನು ಮಾಡುತ್ತಿರುವುದಕ್ಕೆ ಇನ್ನೂ ಇಲ್ಲ. ಇದರ ಮೇಲೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 63 ಜನ ಇದ್ದರು, ವಾರಕ್ಕೊಂದರಂತೆ 15 ಸೆಷನ್, ಫಲಿತಾಂಶ ಚೆನ್ನಾಗಿತ್ತು. ಆದರೆ 63 ಜನ ಅಂದರೆ ಸಣ್ಣ ಗುಂಪು. ಯೋಗದ ಮೇಲೆ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡದವರು 2014ರಲ್ಲಿ ಪ್ರಕಟಿಸಿದ್ದು ನನ್ನನ್ನು ಜಾಸ್ತಿ ತಟ್ಟಿತು. ಬೇರೆ ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ 64 ಹೆಂಗಸರು, 10 ವಾರ. ಕೊನೆಗೆ ಯೋಗ ಮಾಡಿದ 31 ಜನರಲ್ಲಿ 16 ಜನಕ್ಕೆ ಪಿಟಿಎಸ್‌ಡಿಯ ಲಕ್ಷಣಗಳು ಆ ಮಟ್ಟದಲ್ಲಿ ಉಳಿದಿರಲಿಲ್ಲ. ಯೋಗದ ಬದಲು ಆರೋಗ್ಯದ ಪಾಠ ಕೇಳಿದ 29 ಜನರಲ್ಲಿ ಹಾಗಾಗಿದ್ದು 6 ಜನಕ್ಕೆ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ನಾನಂತೂ ಬಿಟ್ಟಿಲ್ಲ, ಅವರನ್ನು ಕೇಳದೆ ಬಿಡುವುದೂ ಇಲ್ಲ.

ವೇಗಸ್ ನರದ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಭಯ, ನೆಮ್ಮದಿ, ಮರಗಟ್ಟುವುದು ಇವನ್ನೆಲ್ಲ ಈ ನರದ ಮೂಲಕ ವಿವರಿಸಲು ಸಂಶೋಧಕ ಸ್ಟೀಫನ್ ಪೋರ್ಜಸ್ 1994ರಲ್ಲಿ ಮಂಡಿಸಿದ ಪಾಲಿವೇಗಲ್ ಸಿದ್ಧಾಂತವನ್ನು ಒಪ್ಪದ ಶರೀರಶಾಸ್ತ್ರಜ್ಞರಿದ್ದಾರೆ. ಹಾಗಾಗಿ ಅದರ ಚಿತ್ರಪಟಗಳನ್ನು ನಾನು ತೀರಾ ನೆಚ್ಚಿಕೊಂಡಿಲ್ಲ. ಆದರೆ ಆ ನರ ನಿಜ. ಮಿದುಳಿನ ಬುಡದಿಂದ ಹೊರಟು, ಕುತ್ತಿಗೆ ದಾಟಿ, ಹೃದಯ, ಶ್ವಾಸಕೋಶ, ಕರುಳಿನವರೆಗೆ ಹೋಗುತ್ತದೆ. ಅದರ ಎಳೆಗಳಲ್ಲಿ ಸುಮಾರು 80 ಪರ್ಸೆಂಟ್ ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಮೈ ಹೇಳುವುದೇ ಜಾಸ್ತಿ, ಮಿದುಳು ಕೇಳಿಸಿಕೊಳ್ಳುವುದೇ ಜಾಸ್ತಿ. ಉಸಿರು ಒಳಗೆ ಎಳೆದಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ನಂಬಿಕೆ ಬರದಿದ್ದರೆ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಈಗ ತಾನೇ ನೋಡಿದೆ. ನಾಲ್ಕು ಎಣಿಸುವಷ್ಟು ಒಳಗೆ, ಏಳು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವಾಗ ನಾಡಿಯ ನಡುವಿನ ಬಿಡುವು ಬೆರಳ ತುದಿಗೇ ಗೊತ್ತಾಗುತ್ತದೆ.

ಮನೆಯಲ್ಲಿ ನಾನು ಹೆಚ್ಚಾಗಿ ಮಾಡುವುದು ಮಾತ್ರ ಇದಕ್ಕಿಂತ ಸುಲಭದ್ದು. ಬೆಚ್ಚಿಬಿದ್ದು ಎದ್ದಾಗ ಕುತ್ತಿಗೆಯನ್ನು ನಿಧಾನ ತಿರುಗಿಸಿ ಕೋಣೆಯನ್ನು ನೋಡುತ್ತೇನೆ. ಬಾಗಿಲು, ಕಪಾಟಿನ ಹಿಡಿ, ಫ್ಯಾನು, ಕಿಟಕಿ. ಕಣ್ಣಷ್ಟೇ ಓಡಿಸಿದರೆ ಸಾಲದು, ತಲೆ ತಿರುಗಬೇಕು. ಸದ್ದು ಕೇಳಿದ ಜಿಂಕೆ ಹಾಗೇ ಅಲ್ವಾ ಮಾಡುವುದು. ಸುತ್ತ ನೋಡಿ, ಏನಿಲ್ಲ ಅಂತ ಖಾತ್ರಿಯಾದ ಮೇಲೆ ಮತ್ತೆ ತಲೆ ತಗ್ಗಿಸುತ್ತದೆ.

ವಾಪಸ್ ಬರುವಾಗ ಅಕ್ಕ ಓಡಿಸುತ್ತಿದ್ದಳು. ಒಂದು ತಿರುವಿನಲ್ಲಿ ಪಕ್ಕದಿಂದ ಬಸ್ಸು ಬಂತು. ಕಾಲು ಒತ್ತಿತು. ಹೌದು, ಇವತ್ತೂ ಒತ್ತಿತು. ಮಂಡಿ ನಡುಗಿದ ಮಾತ್ರಕ್ಕೆ ಗುಣವಾಯಿತು ಅಂತಲ್ಲ ಅಂತ ಥೆರಪಿಸ್ಟ್ ಹೇಳಿಯೇ ಕಳಿಸಿದ್ದರು. ಆದರೆ ಬಸ್ಸು ದಾಟಿ ಹೋದ ಮೇಲೆ ಕಾಲು ಬಿಟ್ಟಿತು. ಮೊದಲೆಲ್ಲ ಮನೆ ಬರುವವರೆಗೂ ಬಿಡುತ್ತಿರಲಿಲ್ಲ.

ಅಕ್ಕ ನನ್ನ ಕಾಲನ್ನೇ ನೋಡಿದ್ದಳು ಅನ್ನಿಸುತ್ತದೆ. ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೂ ಇಳಿಯಲಿಲ್ಲ.

"ನಂಗೆ ಕೈ ಕಣೇ," ಅಂದಳು. "ಯಾರ ಪಕ್ಕ ಕೂತ್ರೂ ಬಾಗಿಲ ಮೇಲಿನ ಹಿಡಿ ಬಿಡೋಕೇ ಆಗಲ್ಲ. ಭುಜ ನೋವು ಅಂತ ಎಣ್ಣೆ ಹಚ್ಕೊಂಡು ಸುಮ್ಮನಾಗ್ತಿದ್ದೆ. ಅವತ್ತಿಂದಲೇ ಇದು."

ಅವಳೂ ಅದೇ ಕಾರಿನಲ್ಲಿದ್ದಳು. ಇಷ್ಟು ದಿನ ನನ್ನನ್ನು ಕರೆದುಕೊಂಡು ಹೋಗಿ ಬಂದವಳು ಅವಳೇ. ನಾನು ಒಮ್ಮೆಯೂ ಕೇಳಿರಲಿಲ್ಲ. ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಮಡಚಿ ನೋಡಿಕೊಳ್ಳುತ್ತಿದ್ದಳು. ನಾನು ಏನೂ ಹೇಳಿಕೊಡಲು ಹೋಗಲಿಲ್ಲ, ಇಂಜಿನ್ ಆರಿಸಿ ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆವು.

ಮುಂದಿನ ಸೆಷನ್ 19ಕ್ಕೆ. ನಮ್ಮಿಬ್ಬರನ್ನೂ ಒಬ್ಬರೇ ನೋಡುವುದು ಸರಿಯಾಗಲಿಕ್ಕಿಲ್ಲ, ಅಕ್ಕನಿಗೆ ಅವಳದೇ ಒಬ್ಬರು ಬೇಕು. ನಾಳೆ ಬೆಳಿಗ್ಗೆ ಫೋನ್ ಮಾಡಿ ಯಾರಾದರೂ ಇದ್ದಾರಾ ಅಂತ ನನ್ನ ಥೆರಪಿಸ್ಟನ್ನೇ ಕೇಳುತ್ತೇನೆ.